ಲಕ್ವ ಹೊಡೆದ ಮೇಲೆ ಉಸಿರಿಗೂ ಬೇಕು ವ್ಯಾಯಾಮ

ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಬಂದರೆ ಎಲ್ಲರ ಕಣ್ಣೂ ಅವರ ಕೈಕಾಲಿನ ಮೇಲೇ. ಬೆರಳು ಅಲ್ಲಾಡಿತೇ, ಕಾಲು ಎತ್ತಿದರೇ ಎಂದು ನೋಡುತ್ತೇವೆ; ಎದೆಯ ಕಡೆ ಯಾರ ಗಮನವೂ ಹೋಗುವುದಿಲ್ಲ. ಸ್ವಾಧೀನ ತಪ್ಪಿದ ಪಕ್ಕದಲ್ಲಿ ವಪೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು), ಪಕ್ಕೆಲುಬಿನ ನಡುವಿನ ಸ್ನಾಯುಗಳೂ ಸೋತಿರಬಹುದು. ಆಗ ಉಸಿರು ಮೇಲೆಮೇಲೆ ಆಡುತ್ತದೆ, ಕೆಮ್ಮಿಗೆ ಬಲವಿರದೆ ಕಫ ಒಳಗೇ ಉಳಿಯುತ್ತದೆ. ನುಂಗುವುದಕ್ಕೂ ತೊಂದರೆಯಿದ್ದರೆ ಗಂಜಿಯೋ ನೀರೋ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ.

ವೈದ್ಯರು ಒಪ್ಪಿ, ಫಿಸಿಯೋಥೆರಪಿಸ್ಟ್ ಒಮ್ಮೆ ಎದುರಿಗೇ ಮಾಡಿಸಿದ ಮೇಲೆ ಮನೆಯಲ್ಲಿ ಉಸಿರಿನ ವ್ಯಾಯಾಮ ಶುರು ಮಾಡಿ. ಊಟವಾದ ಕೂಡಲೇ ಬೇಡ.

ಮೊದಲು ಕೂರಿಸುವುದು. ಬೆನ್ನಿಗೆ ಆಸರೆ ಕೊಟ್ಟು, ಸೋತ ಕೈಯನ್ನು ದಿಂಬಿನ ಮೇಲಿಡಿ. ಕೈ ಜೋತುಬಿದ್ದರೆ ಭುಜ ಎಳೆದು ನೋವಾಗುತ್ತದೆ, ಮೈ ಆ ಕಡೆಗೇ ವಾಲುತ್ತದೆ.

ಚೆನ್ನಾಗಿರುವ ಕೈಯನ್ನು ಹೊಟ್ಟೆಯ ಮೇಲಿಟ್ಟು ಮೂಗಿನಿಂದ ನಿಧಾನವಾಗಿ ಉಸಿರೆಳೆದುಕೊಳ್ಳಲಿ. ಕೈ ಮೇಲೇಳಬೇಕು, ಭುಜ ಏಳಬಾರದು. ದೀಪ ಆರದಂತೆ ಮೆಲ್ಲಗೆ ಊದುವ ಹಾಗೆ ತುಟಿ ಕಿರಿದು ಮಾಡಿ ಉಸಿರು ಬಿಡಲಿ. ಎಳೆಯುವಾಗ ಎರಡು ಎಣಿಸಿದರೆ ಬಿಡುವಾಗ ನಾಲ್ಕು. ಐದಾರು ಸಲ ಸಾಕು, ಆಮೇಲೆ ವಿಶ್ರಾಂತಿ. ಹೀಗೆ ದಿನಕ್ಕೆ ಮೂರು ನಾಲ್ಕು ಬಾರಿ. ತುಟಿಯ ಒಂದು ಮೂಲೆಯಿಂದ ಗಾಳಿ ಸೋರುತ್ತಿದ್ದರೆ ಬೆರಳಿನಿಂದ ಮೆತ್ತಗೆ ಒತ್ತಿಕೊಡಿ. ಮಾತು ಅರ್ಥವಾಗದವರಿಗೆ ವಿವರಿಸುತ್ತಾ ಕೂರಬೇಡಿ. ಎದುರು ಕುಳಿತು ನೀವೇ ಮಾಡಿ, ನೋಡಿ ಕಲಿಯುತ್ತಾರೆ.

ಆಸ್ಪತ್ರೆಯಲ್ಲಿ ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಿರುತ್ತಾರಲ್ಲ, ಅದನ್ನು ಬಹಳ ಮನೆಗಳಲ್ಲಿ ಊದಿಸುತ್ತಾರೆ. ಅದು ಊದುವುದಲ್ಲ, ಉಸಿರು ಎಳೆಯುವ ಸಾಧನ. ಉಸಿರು ಪೂರ್ತಿ ಬಿಟ್ಟು, ಕೊಳವೆಯನ್ನು ತುಟಿಯಲ್ಲಿ ಹಿಡಿದು ಎಳೆದುಕೊಳ್ಳಬೇಕು. ಚೆಂಡುಗಳ ಗುರುತು ಸಾಮಾನ್ಯವಾಗಿ 600, 900, 1200; ಸೆಕೆಂಡಿಗೆ ಅಷ್ಟು ಮಿಲಿಲೀಟರ್ ಗಾಳಿ ಎಳೆದರೆ ಆ ಚೆಂಡು ಏಳುತ್ತದೆ. ಮೊದಲ ವಾರ ಒಂದೇ ಚೆಂಡು ಎದ್ದರೂ ಅದು ದೊಡ್ಡದೇ, ದಯವಿಟ್ಟು ಅವಸರಪಡಿಸಬೇಡಿ.

ಕಫ ಸಡಿಲವಾದರೆ ಕನ್ನಡಿಗೆ ಹಬೆ ಊದುವಂತೆ ಬಾಯಿ ತೆರೆದು ‘ಹಾ’ ಎಂದು ಒಂದೆರಡು ಬಾರಿ ಜೋರಾಗಿ ಬಿಟ್ಟು, ಆಮೇಲೆ ಕೆಮ್ಮಿಸಿ.

ಉಸಿರು ಬಿಗಿಹಿಡಿದು ತಿಣುಕಿದರೆ ರಕ್ತದೊತ್ತಡ ಏರುತ್ತದೆ. ಕಪಾಲಭಾತಿ, ಭಸ್ತ್ರಿಕಾ, ಕುಂಭಕದಂಥ ಪ್ರಾಣಾಯಾಮಗಳನ್ನು ವೈದ್ಯರನ್ನು ಕೇಳದೆ ಮಾಡಿಸಲೇಬಾರದು. ತಲೆಸುತ್ತು ಬಂದರೆ ನಿಲ್ಲಿಸಿ, ಸಹಜವಾಗಿ ಉಸಿರಾಡಲು ಬಿಡಿ. ಜ್ವರ, ಕಫದ ಬಣ್ಣ ಬದಲಾಗುವುದು, ಊಟದ ಮಧ್ಯೆ ಪದೇಪದೇ ಕೆಮ್ಮು ಕಂಡರೆ ಅಂದೇ ವೈದ್ಯರಿಗೆ ತೋರಿಸಿ. ಎದೆನೋವು, ತೀವ್ರ ಉಬ್ಬಸ, ಮುಖ ಹೊಸದಾಗಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.