ಮಕ್ಕಳ ಜೊತೆ ನಿಸರ್ಗಧಾಮಕ್ಕೆ: ಹೊಸಬರಿಗೆ ಮಾರ್ಗದರ್ಶಿ

ಮೊದಲ ಸಲ ಹೋಗುವ ಕುಟುಂಬಗಳು ಎಡವುವುದು ದಾರಿಯ ಆಯ್ಕೆಯಲ್ಲಿ. ದೊಡ್ಡವರು ಗಂಟೆಗೆ 4-5 ಕಿ.ಮೀ. ನಡೆಯಬಹುದು. ಐದಾರು ವರ್ಷದ ಮಗು ಜೊತೆಗಿದ್ದರೆ, ನಿಂತು ನೋಡುವುದೂ ಸೇರಿ, ಗಂಟೆಗೆ ಒಂದೂವರೆ ಕಿ.ಮೀ. ಎಂದೇ ಲೆಕ್ಕ ಹಾಕಿ. ಹೊರಟಲ್ಲಿಗೇ ಬಂದು ಸೇರುವ 2-3 ಕಿ.ಮೀ. ಸುತ್ತುದಾರಿ ಮೊದಲ ಭೇಟಿಗೆ ಧಾರಾಳವಾಯಿತು. ಹೋದ ದಾರಿಯಲ್ಲೇ ಮರಳಬೇಕಿದ್ದರೆ ಮಕ್ಕಳು ದಣಿಯುವ ಮುಂಚೆಯೇ ತಿರುಗಿ. ದಣಿದ ಮೇಲೆ ತಿರುಗಿದರೆ ಅಷ್ಟೂ ದೂರ ಎತ್ತಿಕೊಂಡೇ ಬರಬೇಕಾದೀತು.

ಹಿಂದಿನ ದಿನವೇ ಗೇಟು ಮುಚ್ಚುವ ಸಮಯ, ಶೌಚಾಲಯ ಇರುವ ಜಾಗ, ಸಾಕುನಾಯಿಗೆ ಪ್ರವೇಶ ಇದೆಯೇ ಎಂಬುದನ್ನು ನೋಡಿಟ್ಟುಕೊಳ್ಳಿ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಕೆಲವು ದಾರಿಗಳನ್ನು ಮುಚ್ಚಿರುತ್ತಾರೆ. ಒಳಗೆ ಮೊಬೈಲ್ ಸಿಗ್ನಲ್ ಸಿಗದಿರಬಹುದು. ಬಾಗಿಲಲ್ಲಿರುವ ನಕ್ಷೆಯ ಫೋಟೊ ತೆಗೆದುಕೊಂಡೇ ಮುಂದೆ ಹೆಜ್ಜೆ ಇಡಿ. ಹಕ್ಕಿ ನೋಡುವ ಆಸೆ ಇದ್ದರೆ ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ ಒಳ್ಳೆಯ ಹೊತ್ತು. ನಡು ಮಧ್ಯಾಹ್ನ ಹೋದವರಿಗೆ ಹೆಚ್ಚಾಗಿ ಕಾಣುವುದು ಖಾಲಿ ಕೊಂಬೆ.

ಬೈನಾಕ್ಯುಲರ್ ಕೊಳ್ಳುವುದಾದರೆ 8×42 ಎಂದು ಬರೆದಿರುವುದು ದೊಡ್ಡವರಿಗೆ ಸರಿ: ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜು 42 ಮಿ.ಮೀ. ಅಗಲ. ಹತ್ತು, ಹನ್ನೆರಡು ಪಟ್ಟಿನದು ಬೇಡ, ಕೈ ನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಬಳಸುವ ಮುಂಚೆ ದೂರದ ಒಂದು ಬೋರ್ಡನ್ನು ನೋಡುತ್ತಾ ಬಲಗಣ್ಣು ಮುಚ್ಚಿ ನಡುವಿನ ಚಕ್ರ ತಿರುಗಿಸಿ, ಎಡಗಣ್ಣಿಗೆ ಅಕ್ಷರ ಸ್ಪಷ್ಟವಾಗಲಿ. ಆಮೇಲೆ ಎಡಗಣ್ಣು ಮುಚ್ಚಿ, ಸಾಮಾನ್ಯವಾಗಿ ಬಲಗಣ್ಣಿನ ಕೊಳವೆಯಲ್ಲೇ ಇರುವ ಬಳೆಯನ್ನು ಮಾತ್ರ ತಿರುಗಿಸಿ. ಇದನ್ನು ಮಾಡದೆ "ಮಸುಕು ಮಸುಕು" ಎನ್ನುವವರೇ ಹೆಚ್ಚು. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರನ್ನು ಒಳಗೆ ತಳ್ಳಿಕೊಳ್ಳಬೇಕು.

ಉಣುಗಿನ ವಿಷಯದಲ್ಲಿ ಮಾತ್ರ ಉದಾಸೀನ ಬೇಡವೇ ಬೇಡ. ಅದು ಹಾರುವುದಿಲ್ಲ, ಹುಲ್ಲಿನ ತುದಿಯಲ್ಲಿ ಕಾದಿದ್ದು, ಸವರಿಕೊಂಡು ಹೋದವರಿಗೆ ಅಂಟಿಕೊಳ್ಳುತ್ತದೆ. ದಾರಿಯ ನಡುವೆಯೇ ನಡೆಯಿರಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದ ಕೂಡಲೇ ಮಕ್ಕಳ ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಮೂತಿಯ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಕೆಳಗೆ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿಯಿಂದ ಸುಡುವುದು ಅಪಾಯ: ಕೆರಳಿದ ಉಣುಗು ತನ್ನ ಜೊಲ್ಲನ್ನು ಗಾಯದೊಳಗೆ ಬಿಡಬಹುದು, ರೋಗಾಣು ಇರುವುದು ಅದರಲ್ಲೇ. ಗಾಯವನ್ನು ಸೋಪಿನಿಂದ ತೊಳೆದು, ಕಚ್ಚಿದ ತಾರೀಕು ಬರೆದಿಡಿ. ಮುಂದಿನ 30 ದಿನಗಳಲ್ಲಿ ಜ್ವರವೋ, ಹರಡುವ ಕೆಂಪು ಗುರುತೋ ಕಂಡರೆ ಆ ತಾರೀಕನ್ನು ವೈದ್ಯರಿಗೆ ತಿಳಿಸಿ.

ಬಾತುಕೋಳಿಗೆ ಬ್ರೆಡ್ ಹಾಕಬೇಡಿ. ಅದರಲ್ಲಿ ಹಕ್ಕಿಗೆ ಬೇಕಾದ ಪೋಷಕಾಂಶ ಕಡಿಮೆ, ಮಿಕ್ಕಿದ್ದು ಕೊಳೆತು ನೀರು ಕೆಡುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ತಪ್ಪು. ಎದುರಾಳಿ ಬಂದನೆಂದು ಅದು ಗೂಡು ಬಿಟ್ಟು ಬರುತ್ತದೆ, ಮರಿಗಳು ಕಾವಲಿಲ್ಲದೆ ಉಳಿಯುತ್ತವೆ.

ಪ್ರತಿ ಮಗುವಿನ ಕೊರಳಿಗೂ ಒಂದು ಸೀಟಿ ಹಾಕಿ. ಕಳೆದುಹೋದರೆ ಹುಡುಕುತ್ತಾ ಅಲೆಯದೆ, ಹತ್ತಿರದ ಮರದ ಬಳಿ ನಿಂತು ಮೂರು ಮೂರು ಸಲ ಊದಬೇಕೆಂದು ಮನೆಯಲ್ಲೇ ಅಭ್ಯಾಸ ಮಾಡಿಸಿ. ವಾಪಸು ಹೊರಡುವಾಗ ಬೂಟಿನ ಅಡಿಯ ಮಣ್ಣನ್ನು, ಕಾಲುಚೀಲಕ್ಕೆ ಅಂಟಿದ ಬೀಜಗಳನ್ನು ಅಲ್ಲೇ ಬಿಡಿಸಿ. ಕಳೆಗಿಡಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ಹೀಗೂ ದಾಟುತ್ತವೆ.