ಬೌಲಿಂಗ್ ಚೆಂಡುಗಳನ್ನು ಹೋಲಿಸುವಾಗ ಪಿನ್ ಎಣಿಸಬೇಡಿ

ಒಂದು ಚೆಂಡನ್ನು ಹತ್ತು ಸಲ ಎಸೆಯುವುದು, ಆಮೇಲೆ ಇನ್ನೊಂದನ್ನು ಹತ್ತು ಸಲ, ಹೆಚ್ಚು ಸ್ಟ್ರೈಕ್ (ಒಂದೇ ಎಸೆತಕ್ಕೆ ಹತ್ತೂ ಪಿನ್ ಬೀಳುವುದು) ತಂದದ್ದಕ್ಕೆ ಶಹಬ್ಬಾಸ್ ಹೇಳುವುದು. ಬಹುಪಾಲು ಆಟಗಾರರು ಹೋಲಿಸುವುದು ಹೀಗೆಯೇ. ಇದು ವ್ಯರ್ಥ. ಚೆಂಡು ಉರುಳುವ ಹಾದಿಗೆ, ಅಂದರೆ ಲೇನ್‌ಗೆ, ಹಚ್ಚಿದ ಎಣ್ಣೆ ಪ್ರತಿ ಎಸೆತಕ್ಕೂ ಬದಲಾಗುತ್ತದೆ: ರಿಯಾಕ್ಟಿವ್ ರೆಸಿನ್ ಹೊದಿಕೆಯ ಚೆಂಡು ಅದನ್ನು ಹೀರಿಕೊಳ್ಳುತ್ತದೆ, ಪಾಲಿಯೆಸ್ಟರ್ ಹೊದಿಕೆಯದು ಮುಂದಕ್ಕೆ ಎಳೆದೊಯ್ಯುತ್ತದೆ. ಎರಡನೆಯ ಚೆಂಡಿನ ಸರದಿ ಬರುವಷ್ಟರಲ್ಲಿ ಲೇನೇ ಬೇರೆಯಾಗಿರುತ್ತದೆ.

ಮೊದಲು, ಒಂದೇ ತೂಕದ ಎರಡು ಚೆಂಡು, ಹೊಸದಾಗಿ ಎಣ್ಣೆ ಹಚ್ಚಿದ ಒಂದೇ ಲೇನ್.

ನಂತರ ಮೇಲ್ಮೈ. 500 ಗ್ರಿಟ್‌ನಲ್ಲಿ (ಉಜ್ಜುವ ಹಾಳೆಯ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಉಜ್ಜಿದ ಚೆಂಡು ಬೇಗ ಹಿಡಿತ ಸಾಧಿಸುತ್ತದೆ, 4000ದ್ದು ತಡವಾಗಿ. ಒಳಗಿನ ಕೋರ್‌ಗಳ (ತಿರುಳುಗಳ) ವ್ಯತ್ಯಾಸ ತಿಳಿಯಬೇಕಿದ್ದರೆ ಎರಡನ್ನೂ 2000ಕ್ಕೆ ತನ್ನಿ. ಪ್ರತಿ ಎಸೆತಕ್ಕೂ ಮುನ್ನ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಅಂಗಡಿಯಲ್ಲಿ ಸಿಗುವ ತೆಳ್ಳನೆಯ ಹತ್ತಿ ಟವೆಲ್ ಎಣ್ಣೆಯನ್ನು ತೆಗೆಯುವುದಿಲ್ಲ, ಚೆಂಡಿನ ತುಂಬ ಸವರುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ.

ಈಗ ಎಸೆತ: ಮೊದಲನೆಯದು, ಎರಡನೆಯದು, ಮತ್ತೆ ಎರಡನೆಯದು, ಮೊದಲನೆಯದು. ಅದೇ ಕ್ರಮ ಮುಂದುವರಿಯಲಿ. ಲೇನ್ ಮೇಲಿನ ಬಾಣದ ಗುರುತುಗಳ ಬಳಿ ಚೆಂಡು ನೀವಂದುಕೊಂಡ ಹಲಗೆಯ (ಲೇನ್‌ನ ಉದ್ದಕ್ಕೂ ಸಾಗುವ ಪಟ್ಟಿಯ) ಮೇಲೆ ಹೋಗದಿದ್ದರೆ ಆ ಎಸೆತವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಸ್ಟ್ರೈಕ್ ಬಿದ್ದಿದ್ದರೂ ಸರಿ.

ಹೆಚ್ಚಿನವರು ಎಡವುವುದು ನೋಡುವುದರಲ್ಲಿ. ಫೌಲ್ ಗೆರೆಯಿಂದ (ಎಸೆಯುವಾಗ ದಾಟಬಾರದ ಗೆರೆ) ಮೊದಲ ಪಿನ್ನಿಗೆ 60 ಅಡಿ. ಅಷ್ಟರಲ್ಲಿ ಚೆಂಡು ಮೊದಲು ಜಾರುತ್ತದೆ, ಆಮೇಲೆ ತಿರುಗುತ್ತದೆ, ಕೊನೆಗೆ ನೇರ ಉರುಳುತ್ತದೆ. ನೀವು ಬರೆದುಕೊಳ್ಳಬೇಕಾದದ್ದು ಎರಡು ಸಂಗತಿ: ತಿರುವು ಎಷ್ಟನೆಯ ಅಡಿಯಲ್ಲಿ, ಯಾವ ಹಲಗೆಯ ಮೇಲೆ ಶುರುವಾಯಿತು ಎಂಬುದು ಒಂದು; ಅದು ಥಟ್ಟನೆ ಆಯಿತೋ, ನಿಧಾನವಾಗಿ ಬಾಗಿತೋ ಎಂಬುದು ಇನ್ನೊಂದು. ಕಣ್ಣನ್ನು ನೆಚ್ಚಬೇಡಿ, ನೇರ ಹಿಂದಿನಿಂದ ಮೊಬೈಲ್‌ನಲ್ಲಿ ಚಿತ್ರೀಕರಿಸಿ. ತಯಾರಕರ ಹುಕ್ (ತಿರುವಿನ) ಅಂಕಪಟ್ಟಿ ನೋಡಿ ತೀರ್ಮಾನಿಸುವ ಅಡ್ಡದಾರಿ ಬೇಡವೇ ಬೇಡ. ನಿಮ್ಮ ವೇಗ, ನಿಮ್ಮ ಕೈತಿರುವು ಅದರಲ್ಲಿರುವುದಿಲ್ಲ.

ಒಂದು ಎಚ್ಚರಿಕೆ. ಪಿನ್‌ಗಳ ಹತ್ತಿರ ಸುಸ್ತಾಗಿ, ಹೊಡೆತಕ್ಕೆ ಪಕ್ಕಕ್ಕೆ ಸರಿದುಬಿಡುವ ಚೆಂಡನ್ನು ಕಂಡು ‘ಇದು ತಿರುಗುವುದೇ ಇಲ್ಲ’ ಎಂದು ಇನ್ನಷ್ಟು ಒರಟು ಮೇಲ್ಮೈಯ ಚೆಂಡು ಕೊಳ್ಳುವವರಿದ್ದಾರೆ. ವಿಡಿಯೊವನ್ನು ಹಿಂದಕ್ಕೆ ಓಡಿಸಿ ನೋಡಿ. ಎಷ್ಟೋ ಸಲ ಆ ಚೆಂಡು ಲೇನ್‌ನ ನಡುವಿನಲ್ಲೇ ತಿರುಗಿ ಮುಗಿಸಿರುತ್ತದೆ, ಕೊನೆಗೆ ಶಕ್ತಿಯೇ ಉಳಿದಿರುವುದಿಲ್ಲ. ಅದಕ್ಕೆ ಬೇಕಾದದ್ದು ನುಣುಪು, ಇಲ್ಲವೇ ಎಣ್ಣೆ ಹೆಚ್ಚಿರುವ ನಡುಹಲಗೆಗಳ ಕಡೆಗೆ ಸರಿದ ಗುರಿ. ಮೊದಲು ಗುರಿ ಸರಿಸಿ ನೋಡಿ, ಅದಕ್ಕೆ ಖರ್ಚಿಲ್ಲ.