ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಸ್ಟೀರಿಂಗ್ ಆಯಿಲ್: ಯಾವುದನ್ನು ಕೊಳ್ಳಬೇಕು, ಹೇಗೆ ಬದಲಿಸಬೇಕು

ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡವರು ಮೊದಲು ನೋಡಬೇಕಾದ್ದು ಆ ಗಾಡಿಯಲ್ಲಿ ಸ್ಟೀರಿಂಗ್ ಆಯಿಲ್, ಅಂದರೆ ಸ್ಟೀರಿಂಗ್ ಹಗುರವಾಗಿ ತಿರುಗಲು ಪಂಪು ಒತ್ತಡದಲ್ಲಿ ಹರಿಸುವ ಎಣ್ಣೆ, ಇದೆಯೋ ಇಲ್ಲವೋ ಎಂಬುದನ್ನೇ. ಫೋರ್ಡ್ ಎಫ್-150ರಲ್ಲಿ 2011ರಿಂದ (6.2 ಲೀಟರಿನ ವಿ8 ಎಂಜಿನ್ ಬಿಟ್ಟು), ರ‍್ಯಾಮ್ 1500ರಲ್ಲಿ 2013ರಿಂದ, ಶೆವ್ರೊಲೆ ಸಿಲ್ವರಾಡೊ 1500ರಲ್ಲಿ 2014ರಿಂದ, ಟೊಯೊಟಾ ಟುಂಡ್ರಾದಲ್ಲಿ 2022ರಿಂದ, ಟಕೋಮಾದಲ್ಲಿ 2024ರಿಂದ ಎಲೆಕ್ಟ್ರಿಕ್ ಸ್ಟೀರಿಂಗ್ ಬಂದಿದೆ. ಇವುಗಳಲ್ಲಿ ಪಂಪೂ ಇಲ್ಲ, ಆಯಿಲೂ ಇಲ್ಲ. ಇಂಥ ಗಾಡಿಗೆ ಯಾರಾದರೂ ‘ಸ್ಟೀರಿಂಗ್ ಫ್ಲಶ್’ (ಆಯಿಲ್ ತೊಳೆದು ಬದಲಿಸುವುದು) ಮಾಡಿಸಿ ಎಂದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು. ಅದಕ್ಕಿಂತ ಹಳೆಯ ಮಾಡೆಲ್‌ಗಳು, ನಿಸ್ಸಾನ್ ಫ್ರಾಂಟಿಯರ್, ಜೊತೆಗೆ ಎಫ್-250, ಸಿಲ್ವರಾಡೊ 2500, ರ‍್ಯಾಮ್ 2500ರಂಥ ಭಾರಿ ಗಾಡಿಗಳು ಆಯಿಲ್ ಸ್ಟೀರಿಂಗಿನವು. ಮುಂದಿನದೆಲ್ಲ ಇವುಗಳ ಬಗ್ಗೆ.

ಊರಲ್ಲಿ ಗ್ಯಾರೇಜಿನವರೇ ಆಯಿಲ್ ಆರಿಸಿ ಹಾಕುತ್ತಾರೆ. ಇಲ್ಲಿ ಆಟೋಝೋನ್, ಓರೈಲಿ, ನಾಪಾ, ಅಡ್ವಾನ್ಸ್‌ನಂಥ ಬಿಡಿಭಾಗಗಳ ಅಂಗಡಿಗೆ ಹೋಗಿ ಡಬ್ಬಿ ಆರಿಸುವವರು ನೀವು. ಕೌಂಟರಿನವರು ಗಾಡಿಯ ವರ್ಷ, ಕಂಪನಿ, ಮಾಡೆಲ್, ಎಂಜಿನ್ ಎಷ್ಟು ಲೀಟರಿನದು, ಟೂ ವೀಲ್ ಡ್ರೈವೋ ಫೋರ್ ವೀಲ್ ಡ್ರೈವೋ ಎಂದು ಕೇಳಿ ಕಂಪ್ಯೂಟರಿನಲ್ಲಿ ಹುಡುಕುತ್ತಾರೆ. ಮುಂದಿನ ಗಾಜಿನ ಕೆಳಮೂಲೆಯಲ್ಲಿ, ಡ್ರೈವರ್ ಕಡೆ, 17 ಅಕ್ಷರಗಳ ವಿನ್ ಸಂಖ್ಯೆ, ಅಂದರೆ ಗಾಡಿಯ ಗುರುತಿನ ಸಂಖ್ಯೆ, ಇರುತ್ತದೆ. ಅದರ ಫೋಟೋ ಮೊಬೈಲಿನಲ್ಲಿದ್ದರೆ ಗೊಂದಲವಿಲ್ಲ. ಅದರ ಹತ್ತನೆಯ ಅಕ್ಷರ ಮಾಡೆಲ್ ವರ್ಷವನ್ನು ಹೇಳುತ್ತದೆ. ಇಲ್ಲಿನ ಮ್ಯಾನುಯಲ್‌ಗಳಲ್ಲಿ ‘ಡ್ರೈವರ್ ಸೈಡ್’ ಎಂದರೆ ಎಡಗಡೆ ಎಂಬುದು ಮರೆಯಬಾರದು. ಬಾನೆಟ್ ಎತ್ತಿ ಬಲಗಡೆ ಹುಡುಕುತ್ತಾ ನಿಲ್ಲುವವರು ಇದ್ದಾರೆ.

ಕಂಪ್ಯೂಟರ್ ಹೇಳಿದ್ದಕ್ಕಿಂತ ಬಾನೆಟ್ ಕೆಳಗೆ ಗಾಡಿಯಲ್ಲೇ ಇರುವ ಆಯಿಲ್ ಡಬ್ಬಿಯ ಮುಚ್ಚಳ ಮತ್ತು ಓನರ್ಸ್ ಮ್ಯಾನುಯಲ್ ಹೇಳಿದ್ದೇ ಕೊನೆಯ ಮಾತು. ಮ್ಯಾನುಯಲ್ ಕಳೆದುಹೋಗಿದ್ದರೆ ಕಂಪನಿಗಳ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಸಾಮಾನ್ಯವಾಗಿ ಲೆಕ್ಕ ಹೀಗೆ: ಹಳೆಯ ಟಕೋಮಾಗೆ ಡೆಕ್ಸ್‌ರಾನ್ 2 ಅಥವಾ 3 ದರ್ಜೆಯ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ಆಯಿಲ್. 2012ರವರೆಗಿನ ರ‍್ಯಾಮ್ 1500ಕ್ಕೆ ಎಟಿಎಫ್+4. ಹಳೆಯ ಫೋರ್ಡ್‌ಗೆ ಮರ್ಕಾನ್. ಅದು ಈಗ ಇಲ್ಲ, ಅದರ ಜಾಗದಲ್ಲಿ ಮರ್ಕಾನ್ 5, ಡಬ್ಬಿಯ ಮೇಲೆ ರೋಮನ್ ಅಂಕಿಯಲ್ಲಿರುತ್ತದೆ. 2013ರವರೆಗಿನ ಸಿಲ್ವರಾಡೊ 1500ಕ್ಕೆ ಶೆವ್ರೊಲೆಯ ಮಾಲೀಕ ಜಿಎಂ ಕಂಪನಿಯ ಪವರ್ ಸ್ಟೀರಿಂಗ್ ಫ್ಲೂಯಿಡ್, ಇದು ಕೆಂಪಲ್ಲ, ತಿಳಿ ಜೇನಿನ ಬಣ್ಣ. 2014ರವರೆಗಿನ ಹೋಂಡಾ ರಿಡ್ಜ್‌ಲೈನ್‌ಗೆ ಹೋಂಡಾದ್ದೇ ಆಯಿಲ್, ಬೇರೆ ಯಾವುದೂ ಬೇಡ.

ಡೆಕ್ಸ್‌ರಾನ್ 3ರ ವಿಷಯದಲ್ಲಿ ಒಂದು ತೊಡಕಿದೆ. ಆ ದರ್ಜೆ ಗೊತ್ತುಮಾಡಿದ ಜಿಎಂ ಅದರ ಲೈಸೆನ್ಸನ್ನು 2006ರ ಕೊನೆಗೆ ನಿಲ್ಲಿಸಿತು. ಈಗ ಶೆಲ್ಫಿನಲ್ಲಿ ಆ ಹೆಸರಿನಲ್ಲಿ ಕಾಣುವ ಡಬ್ಬಿಗಳು ಆಯಾ ತಯಾರಕರ ಭರವಸೆಯ ಮೇಲಿನವು, ಜಿಎಂ ಪರೀಕ್ಷೆ ಮಾಡಿ ಒಪ್ಪಿದವಲ್ಲ. ಹೆಸರಿರುವ ಕಂಪನಿಯದನ್ನೇ ಕೊಳ್ಳಿ. ಡೆಕ್ಸ್‌ರಾನ್ 6 ಹಳೆಯದಕ್ಕಿಂತ ತೆಳು. ಮ್ಯಾನುಯಲ್ ಒಪ್ಪಿದರೆ ಮಾತ್ರ ಅದು. ‘ಎಲ್ಲ ಗಾಡಿಗೂ ಆಗುತ್ತದೆ’ ಎಂಬ ಡಬ್ಬಿ ದಾರಿಯಲ್ಲಿ ಕೆಟ್ಟು ನಿಂತಾಗ ಸರಿ, ಮನೆಯಲ್ಲಿ ನಿಂತು ಬದಲಿಸುವಾಗ ಅದರ ಅಗತ್ಯವಿಲ್ಲ. ತಪ್ಪು ಆಯಿಲ್ ಹಾಕಿದರೆ ಗಾಡಿ ಅಂದೇ ನಿಲ್ಲುವುದಿಲ್ಲ, ಅದಕ್ಕೇ ಜನ ಮೋಸ ಹೋಗುವುದು. ಒಳಗಿನ ರಬ್ಬರ್ ಸೀಲುಗಳು ನಿಧಾನಕ್ಕೆ ಉಬ್ಬಿಯೋ ಗಟ್ಟಿಯಾಗಿಯೋ ತಿಂಗಳುಗಳ ಮೇಲೆ ಸೋರಲು ಶುರುವಾಗುತ್ತದೆ. ಇನ್ನು ಬ್ರೇಕ್ ಆಯಿಲ್ ಅಪ್ಪಿತಪ್ಪಿ ಇದರೊಳಗೆ ಬಿದ್ದರೆ ಎಂಜಿನ್ ಸ್ಟಾರ್ಟೇ ಮಾಡಬೇಡಿ. ಅದು ಈ ಸೀಲುಗಳಿಗೆ ವಿಷ.

ಅಳತೆ ಇಲ್ಲಿ ಕ್ವಾರ್ಟ್‌ನಲ್ಲಿ. 1 ಕ್ವಾರ್ಟ್ 946 ಮಿಲಿ, ಲೀಟರಿಗೆ ಒಂದು ಗುಟುಕು ಕಡಿಮೆ. 12 ಔನ್ಸಿನ ಸಣ್ಣ ಬಾಟಲಿ 355 ಮಿಲಿ. ಎಫ್-150, ಟಕೋಮಾ ಅಳತೆಯ ಗಾಡಿಯ ಸ್ಟೀರಿಂಗ್ ವ್ಯವಸ್ಥೆಯಲ್ಲಿರುವುದು ಸುಮಾರು 1 ಕ್ವಾರ್ಟ್. ತೊಳೆದು ಬದಲಿಸಲು 2 ಕೊಳ್ಳಿ, ಕೈಯಲ್ಲಿ 3 ಇದ್ದರೆ ನೆಮ್ಮದಿ. ಭಾರಿ ಗಾಡಿಗೆ 4.

ಸುಲಭದ ದಾರಿಗೆ ಜಾಕ್ ಕೂಡ ಬೇಡ. ಟರ್ಕಿ ಬೇಸ್ಟರ್ ಎಂಬ ದೊಡ್ಡ ಪಿಚಕಾರಿ ಯಾವ ಸೂಪರ್‌ಮಾರ್ಕೆಟಿನಲ್ಲೂ ಸಿಗುತ್ತದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಟರ್ಕಿ ಕೋಳಿಯ ಮೇಲೆ ರಸ ಸುರಿಯುವ ಸಾಧನ; ಒಮ್ಮೆ ಆಯಿಲ್ ಕಂಡಮೇಲೆ ಅದು ಅಡುಗೆಮನೆಗೆ ವಾಪಸ್ ಹೋಗಬಾರದು. ಮುಚ್ಚಳದ ಸುತ್ತಲಿನ ಧೂಳು ಒರೆಸಿ, ಡಬ್ಬಿಯಲ್ಲಿರುವ ಆಯಿಲನ್ನು ಎಳೆದು ತೆಗೆಯಿರಿ. ಹೊಸದನ್ನು ಗುರುತಿನವರೆಗೆ ತುಂಬಿ. ಎಂಜಿನ್ ಸ್ಟಾರ್ಟ್ ಮಾಡಿ ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ಎರಡು ಮೂರು ಸಲ ನಿಧಾನಕ್ಕೆ ತಿರುಗಿಸಿ, ಆಫ್ ಮಾಡಿ. ಮತ್ತೆ ಎಳೆಯಿರಿ, ಮತ್ತೆ ತುಂಬಿ. ಡಬ್ಬಿಯಲ್ಲಿ ಒಟ್ಟು ಆಯಿಲಿನ ಮೂರನೇ ಒಂದು ಪಾಲು ಇದೆ ಎಂದಿಟ್ಟುಕೊಂಡರೆ, ಐದು ಸಲ ಮಾಡಿದ ಮೇಲೂ ನೂರಕ್ಕೆ 13ರಷ್ಟು ಹಳೆಯದು ಒಳಗೇ ಉಳಿಯುತ್ತದೆ. ಬಣ್ಣ ಮಾಸಿದ್ದಷ್ಟೇ ಆದರೆ ಇದು ಧಾರಾಳ ಸಾಕು. ಸುಟ್ಟ ವಾಸನೆ ಬರುತ್ತಿದ್ದರೆ, ಕಪ್ಪಾಗಿದ್ದರೆ, ಬೆಳ್ಳಗಿನ ಟಿಶ್ಯೂ ಮೇಲೆ ಒಂದು ಹನಿ ಬಿಟ್ಟಾಗ ಲೋಹದ ಹೊಳಪು ಕಂಡರೆ ಪೂರ್ತಿ ತೊಳೆಯಬೇಕು.

ಅದಕ್ಕೆ ಮುಂದಿನ ಎರಡೂ ಚಕ್ರ ನೆಲ ಬಿಡಬೇಕು. ಹಿಂಚಕ್ರಕ್ಕೆ ಅಡ್ಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯನ್ನು ಫ್ರೇಮಿನ ಕೆಳಗೆ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡಿನ ಮೇಲಿನ ‘3 ಟನ್’ ಅಮೆರಿಕದ ಟನ್, ಒಂದಕ್ಕೆ 907 ಕಿಲೋ. ಆಯಿಲ್ ಡಬ್ಬಿಗೆ ಎರಡು ಪೈಪು ಬರುತ್ತವೆ. ದಪ್ಪನೆಯದು ಪಂಪಿಗೆ ಇಳಿಯುತ್ತದೆ, ತೆಳ್ಳನೆಯದು, ಸ್ಪ್ರಿಂಗ್ ಕ್ಲಿಪ್ ಹಾಕಿದ್ದು, ವಾಪಸ್ ಬರುವ ಪೈಪು. ಕೆಲವು ಗಾಡಿಗಳಲ್ಲಿ ಡಬ್ಬಿ ಪಂಪಿನ ಮೇಲೆಯೇ ಕೂತಿರುತ್ತದೆ, ಅಲ್ಲಿ ಇರುವುದು ಈ ವಾಪಸ್ ಪೈಪೊಂದೇ. ಪಂಪಿನಿಂದ ನಟ್ ಬಿಗಿದು ಹೊರಡುವ ಲೋಹದ ಪೈಪನ್ನು ಮುಟ್ಟಬೇಡಿ, ಅದು ಒತ್ತಡದ್ದು. ಇಕ್ಕಳದಿಂದ ಕ್ಲಿಪ್ ಸರಿಸಿ ವಾಪಸ್ ಪೈಪು ಬಿಡಿಸಿ, ಡಬ್ಬಿಯ ತೂತಿಗೆ ರಬ್ಬರ್ ಟೋಪಿ ಹಾಕಿ, ಪೈಪಿನ ತುದಿಗೆ ಪಾರದರ್ಶಕ ಟ್ಯೂಬ್ ಸೇರಿಸಿ ಹಾಲಿನ ಖಾಲಿ ಗ್ಯಾಲನ್ ಕ್ಯಾನಿಗೆ ಬಿಡಿ. ಒಬ್ಬರು ಎಂಜಿನ್ ಆಫ್ ಇಟ್ಟು, ಲಾಕ್ ಬಿಡುವಷ್ಟು ಮಾತ್ರ ಕೀ ತಿರುಗಿಸಿ, ಸ್ಟೀರಿಂಗನ್ನು ಕೊನೆಯಿಂದ ಕೊನೆಗೆ ತಿರುಗಿಸುತ್ತಿರಬೇಕು. ಇನ್ನೊಬ್ಬರು ಡಬ್ಬಿ ಖಾಲಿಯಾಗದಂತೆ ಆಲಿಕೆಯಲ್ಲಿ ಹೊಯ್ಯುತ್ತಿರಬೇಕು. ಟ್ಯೂಬಿನಲ್ಲಿ ಹೊಸ ಬಣ್ಣ ಕಂಡೊಡನೆ ನಿಲ್ಲಿಸಿ. ಎಂಜಿನ್ ಓಡಿಸಿ ಇದನ್ನು ಬೇಗ ಮುಗಿಸಬಹುದು ಎಂದು ಹೇಳುವವರಿದ್ದಾರೆ. ಹಾಗೆ ಮಾಡಿದರೆ ಪಂಪು ಕೆಲವೇ ಸೆಕೆಂಡಿನಲ್ಲಿ ಡಬ್ಬಿ ಬರಿದು ಮಾಡಿ ಒಣಗಿ ಓಡುತ್ತದೆ, ಆಯಿಲೇ ಅದಕ್ಕೆ ಕೀಲೆಣ್ಣೆ.

ಪೈಪು ಮರಳಿ ಹಾಕಿ ತುಂಬಿದ ಮೇಲೆ ಗಾಳಿ ತೆಗೆಯುವುದೇ ನಿಜವಾದ ಕೆಲಸ. ಚಕ್ರ ಮೇಲಿರುವಾಗಲೇ, ಎಂಜಿನ್ ಆಫ್ ಇಟ್ಟು, 15ರಿಂದ 20 ಸಲ ಕೊನೆಯಿಂದ ಕೊನೆಗೆ ನಿಧಾನಕ್ಕೆ ತಿರುಗಿಸಿ. ಮಟ್ಟ ಇಳಿದಂತೆ ತುಂಬುತ್ತಾ ಹೋಗಿ. ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿ. ಕೊನೆಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹಿಡಿದು ನಿಲ್ಲಿಸಬಾರದು, ಪಂಪು ಕಾದು ಹಾಳಾಗುತ್ತದೆ. ಆಯಿಲ್ ನೊರೆಯಾಗಿ ಹಾಲಿನಂತಾದರೆ ಆಫ್ ಮಾಡಿ ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಎಷ್ಟು ಸಲ ತೆಗೆದರೂ ನೊರೆ ಬಂದರೆ ಪಂಪಿಗೆ ಇಳಿಯುವ ಪೈಪಿನ ಕ್ಲಿಪ್ ಅಥವಾ ರಬ್ಬರ್ ಉಂಗುರ ಗಾಳಿ ಎಳೆಯುತ್ತಿದೆ. ಕೆಲವು ಡಬ್ಬಿಗಳ ತಳದಲ್ಲಿ ಜಾಲರಿ ಇರುತ್ತದೆ. ಅದು ಕಟ್ಟಿಕೊಂಡರೂ ಇದೇ ಪಾಡು, ಆಗ ಡಬ್ಬಿಯನ್ನೇ ಬದಲಿಸಬೇಕು.

ಭಾರಿ ಗಾಡಿಯವರಿಗೆ ಒಂದು ಎಚ್ಚರಿಕೆ. ಡೀಸೆಲ್ ಎಫ್-250, ಸಿಲ್ವರಾಡೊ 2500, ರ‍್ಯಾಮ್ 2500ರಂಥವುಗಳಲ್ಲಿ ಹೈಡ್ರೋಬೂಸ್ಟ್ ಇರುತ್ತದೆ, ಅಂದರೆ ಬ್ರೇಕಿಗೆ ಬಲ ಕೊಡುವುದೂ ಇದೇ ಪಂಪು. ಕೆಲಸಕ್ಕೆ ಮುಂಚೆ ಎಂಜಿನ್ ಆಫ್ ಇಟ್ಟು ಪೆಡಲ್ ಗಟ್ಟಿಯಾಗುವವರೆಗೆ ತುಳಿದು ಒತ್ತಡ ಬಿಡಿ. ಗಾಳಿ ತೆಗೆಯುವಾಗ ಸ್ಟೀರಿಂಗ್ ತಿರುಗಿಸುವುದರ ಜೊತೆಗೆ ಬ್ರೇಕನ್ನೂ ತುಳಿಯಬೇಕು. ಅಂಗಳದಲ್ಲಿ ಬ್ರೇಕ್ ಪರೀಕ್ಷಿಸದೆ ರಸ್ತೆಗಿಳಿಯಬೇಡಿ.

ಇದನ್ನೆಲ್ಲ ಎಲ್ಲಿ ಮಾಡುತ್ತೀರಿ ಎಂಬುದೂ ಪ್ರಶ್ನೆಯೇ. ಅಪಾರ್ಟ್‌ಮೆಂಟ್ ಬಾಡಿಗೆ ಕರಾರಿನಲ್ಲಿ, ಬಡಾವಣೆ ಸಂಘದ ನಿಯಮಗಳಲ್ಲಿ ಪಾರ್ಕಿಂಗಿನಲ್ಲಿ ರಿಪೇರಿ ಮಾಡುವಂತಿಲ್ಲ ಎಂದು ಅನೇಕ ಕಡೆ ಬರೆದಿರುತ್ತದೆ, ಮೊದಲು ಓದಿ. ಸುರಿದ ಆಯಿಲಿನ ಮೇಲೆ ಬೆಕ್ಕಿನ ಲಿಟರ್ (ಸಾಕುಬೆಕ್ಕಿನ ಮಲಮೂತ್ರ ಹೀರಲು ಹಾಕುವ ಹರಳು) ಎರಚಿದರೆ ಹೀರಿಕೊಳ್ಳುತ್ತದೆ. ಬೆಲ್ಟ್ ಮೇಲೆ ಬಿದ್ದದ್ದನ್ನು ತಕ್ಷಣ ಒರೆಸಿ. ಹಳೆಯ ಆಯಿಲನ್ನು ಮೋರಿಗೋ ಕಸದ ಡಬ್ಬಿಗೋ ಹಾಕುವುದು ಕಾನೂನಿಗೆ ವಿರುದ್ಧ. ಬಿಡಿಭಾಗದ ಅಂಗಡಿಗಳಲ್ಲಿ ಬಹುಪಾಲು ಎಂಜಿನ್ ಆಯಿಲ್, ಎಟಿಎಫ್ ಪುಕ್ಕಟೆ ತೆಗೆದುಕೊಳ್ಳುತ್ತವೆ. ಫೋನ್ ಮಾಡಿ ಹೋಗಿ. ಕೂಲಂಟ್ ಅಥವಾ ಬ್ರೇಕ್ ಆಯಿಲ್ ಬೆರೆಸಿದ್ದರೆ ತೆಗೆದುಕೊಳ್ಳುವುದಿಲ್ಲ, ಆಗ ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರವೇ ಗತಿ. ಇದೇ ಅಂಗಡಿಗಳಲ್ಲಿ ಕೆಲವು ಠೇವಣಿ ಇಟ್ಟರೆ ಉಪಕರಣ ಎರವಲು ಕೊಡುತ್ತವೆ, ವಾಪಸ್ ಕೊಟ್ಟಾಗ ಪೂರ್ತಿ ಹಣ ಮರಳುತ್ತದೆ.

ವಾರಂಟಿ ಇದ್ದರೂ ನೀವೇ ಬದಲಿಸಿದ್ದಕ್ಕೆ ಅದು ರದ್ದಾಗುವುದಿಲ್ಲ; 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಡೀಲರನ್ನೇ ಕಡ್ಡಾಯ ಮಾಡುವುದನ್ನು ತಡೆಯುತ್ತದೆ. ಡಬ್ಬಿಯ ರಸೀದಿ, ತಾರೀಖು, ಎಷ್ಟು ಮೈಲಿ ಓಡಿತ್ತು ಎಂಬುದನ್ನು ಇಟ್ಟುಕೊಳ್ಳಿ.

ಬದಲಿಸಿ ಎರಡು ದಿನ ಓಡಿಸಿದ ಮೇಲೆ, ಎಂಜಿನ್ ತಣ್ಣಗಿರುವಾಗ ‘ಕೋಲ್ಡ್’ ಗುರುತಿನಲ್ಲಿ ಮಟ್ಟ ನೋಡಿ. ಮಿನ್ನೆಸೋಟದಂಥ ಚಳಿಯಲ್ಲಿ ಬೆಳಗ್ಗೆ ಕೆಲವು ಸೆಕೆಂಡು ಕುಂಯ್‌ಗುಟ್ಟುವುದು ಸಹಜ. ಬಿಸಿಯಾದ ಮೇಲೂ ಕೊರಗುತ್ತಿದ್ದರೆ ಗಾಳಿ ಉಳಿದಿದೆ ಅಥವಾ ಪಂಪು ಸವೆದಿದೆ. ಸೋರಿಕೆ ನಿಲ್ಲಿಸುವ ಬಾಟಲಿಯನ್ನು ಆಗ ಕೊಳ್ಳಬೇಡಿ. ಪಂಪನ್ನೇ ಬದಲಿಸುವುದಾದರೆ ಬಿಲ್ಲಿನಲ್ಲಿ ‘ಕೋರ್ ಚಾರ್ಜ್’ ಎಂದು ಒಂದಷ್ಟು ಡಾಲರ್ ಹೆಚ್ಚಿಗೆ ಕಾಣುತ್ತದೆ. ಅದು ಹಳೆಯ ಪಂಪಿಗೆ ಇಟ್ಟ ಠೇವಣಿ. ಆಯಿಲ್ ಬಸಿದು, ಹೊಸದು ಬಂದ ಪೆಟ್ಟಿಗೆಯಲ್ಲೇ ಹಾಕಿ, ರಸೀದಿಯೊಂದಿಗೆ ಕೊಟ್ಟರೆ ಹಣ ವಾಪಸ್.